ಎಂಜಿನಿಯರ್ ಅಳಿಯನ ಟೈಲ್ಸ್ ವೀಸಾ

ಮೈಸೂರಿನ ನಮ್ಮ ವಿದ್ಯಾರಣ್ಯಪುರದ ಬೀದಿಯಲ್ಲಿ ಒಂದು ಪದ್ಧತಿಯಿದೆ. ಯಾರ ಮನೆ ಹುಡುಗನ ಬಗ್ಗೆಯಾದರೂ ಹೆಣ್ಣಿನ ಕಡೆಯವರು ಬಂದು ವಿಚಾರಿಸಿದರೆ, ಅವನ ನೌಕರಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿ ಹೇಳಬೇಕು. ಅಟೆಂಡರ್ ಆಗಿದ್ದರೆ ಗುಮಾಸ್ತ, ಗುಮಾಸ್ತನಾಗಿದ್ದರೆ ಮ್ಯಾನೇಜರ್, ಔಷಧಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದರೆ ಹೆಚ್ಚುಕಮ್ಮಿ ಡಾಕ್ಟರ್. ಇದನ್ನು ಸುಳ್ಳು ಎನ್ನುವವರು ಈ ಊರಿನವರಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಅಪ್ಪಣೆ ಕೊಟ್ಟಿರುವಾಗ, ಒಂದೆರಡರಲ್ಲೇ ಕೆಲಸ ಮುಗಿಸುವ ನಮ್ಮ ಬೀದಿ ಬಹಳ ಮಿತವಾಗಿಯೇ ನಡೆದುಕೊಂಡಿದೆ. ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತನಾಗಿ, ಬೀದಿಯ ಲೆಕ್ಕದಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದ ನಾನು, ಬೀದಿಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಆದ್ದರಿಂದ ಈ ಮಾತನ್ನು ಜವಾಬ್ದಾರಿಯಿಂದಲೇ ಹೇಳುತ್ತಿದ್ದೇನೆ.

ಈ ಪದ್ಧತಿ ಎಷ್ಟೋ ಮದುವೆ ಮಾಡಿಸಿದೆ. ಆದರೆ ಒಂದು ವೀಸಾ ಕೆಡಿಸುವ ಹಂತಕ್ಕೆ ಬಂದದ್ದು ಮಹದೇವಪ್ರಸಾದನ ವಿಷಯದಲ್ಲಿ ಮಾತ್ರ.

ಮಹದೇವಪ್ರಸಾದ್, ಮಗಳನ್ನು ನಂಜನಗೂಡಿಗೆ ಕೊಟ್ಟಿದ್ದ ಮಂಜುಳಮ್ಮನ ಒಬ್ಬನೇ ಮಗ. ಸಿವಿಲ್ ಡಿಪ್ಲೊಮಾ ಓದಲು ಹೋಗಿ, ಗಣಿತ ಅವನನ್ನೂ ಅವನು ಗಣಿತವನ್ನೂ ಪರಸ್ಪರ ಬಿಟ್ಟುಕೊಟ್ಟ ಮೇಲೆ, ಬೋಗಾದಿ ಕಡೆ ಚಿಕ್ಕಮಾದಯ್ಯ ಎಂಬ ಮೇಸ್ತ್ರಿಯ ಹತ್ತಿರ ಟೈಲ್ಸ್ ಹಾಕುವ ಕೆಲಸ ಕಲಿತ. ಕೈ ಚೆನ್ನಾಗಿ ಕುದುರಿತು. ಬೋಗಾದಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಅವನಿಗಾಗಿ ಕಾಯುವಂತಾಯಿತು. ಅಷ್ಟರಲ್ಲಿ ಮಂಡಿ ಮೊಹಲ್ಲಾದ ಬೆಲ್ಲದ ಸಗಟು ವ್ಯಾಪಾರಿ ಶಿವರುದ್ರಪ್ಪನವರು ತಮ್ಮ ಮಗಳು ಧನುಶ್ರೀಗೆ ಗಂಡು ಹುಡುಕುತ್ತಾ ನಮ್ಮ ಬೀದಿಗೆ ಬಂದರು. ಎದುರುಮನೆಯ ನಿವೃತ್ತ ಹೆಡ್‌ಮೇಡಂ ರಮಾಮಣಿಯವರು, "ಹುಡುಗ ಕನ್‌ಸ್ಟ್ರಕ್ಷನ್ ಲೈನಿನಲ್ಲಿದ್ದಾನೆ, ಎಂಜಿನಿಯರ್" ಎಂದರು. ಮೂಲೆಯ ಇಸ್ತ್ರಿ ಮಂಟಯ್ಯ, "ದೊಡ್ಡ ಎಂಜಿನಿಯರ್" ಎಂದ. ಹಾಲಿನ ಬೂತಿನ ಬೆಟ್ಟಯ್ಯ, "ಕೈ ಕೆಳಗೆ ಇನ್ನೂರು ಜನ" ಎಂದ. ಮದುವೆ ಆಯಿತು.

ಧನುಶ್ರೀಗೆ ಮದುವೆಯಾದ ವಾರದಲ್ಲೇ ನಿಜ ಗೊತ್ತಾಯಿತು. ಗಂಡನ ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟ್ ಇತ್ತು. ಒಂದು ಸಂಜೆ ಅತ್ತಳಂತೆ, ಮಾರನೆಯ ದಿನ ಅವನು ಹಾಕಿದ ಒಂದು ನೆಲ ನೋಡಿ ಬಂದು ನಕ್ಕಳಂತೆ. ಕೊನೆಗೆ, "ನೀವು ಏನಾದ್ರೂ ಹಾಕಿ ರೀ, ನಮ್ಮಪ್ಪನಿಗೆ ಮಾತ್ರ ಗೊತ್ತಾಗ್ಬಾರ್ದು. ಮಂಡೀಲಿ ಎಲ್ಲರ ಹತ್ರ ಎಂಜಿನಿಯರ್ ಅಳಿಯ ಅಂತ ಹೇಳ್ಕೊಂಡು ಓಡಾಡ್ತಿದಾರೆ" ಎಂದಳು.

ಅಂದಿನಿಂದ ಮಹದೇವಪ್ರಸಾದ್ ಇಸ್ತ್ರಿ ಶರಟು, ಪಾಲಿಶ್ ಬೂಟು, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದ. ಬ್ಯಾಗಿನಲ್ಲಿ ಕರಣೆ, ರಬ್ಬರ್ ಸುತ್ತಿಗೆ, ನೆಲ ಸಮವಿದೆಯೇ ಎಂದು ನೋಡುವ ರಸಮಟ್ಟ. ಕೆಲಸದ ಜಾಗದಲ್ಲಿ ಬಟ್ಟೆ ಬದಲಿಸಿ ಮಂಡಿಯೂರುತ್ತಿದ್ದ. ಸಂಜೆ ಮತ್ತೆ ಎಂಜಿನಿಯರ್ ಆಗಿ ಬೀದಿಗೆ ಬರುತ್ತಿದ್ದ. ಅವನನ್ನು ಎಂಜಿನಿಯರ್ ಮಾಡಿದ್ದೇ ನಾವು. ಆದರೂ ದಿನಾ ಆ ಬ್ಯಾಗು ನೋಡಿ ನೋಡಿ ನಾವೂ ನಂಬಿಬಿಟ್ಟಿದ್ದೆವು.

ಇದರಿಂದ ಎರಡು ತೊಂದರೆಯಾದವು. ಒಂದು, ಅವನ ನಡುಮನೆಯಲ್ಲೇ ಒಂದು ಟೈಲ್ ಸಡಿಲವಾಗಿ, ಕಾಲಿಟ್ಟರೆ ಟಕ್ ಎನ್ನುತ್ತಿತ್ತು. ಊರಿಗೆಲ್ಲ ನೆಲ ಹಾಕುವವನಿಗೆ ಸ್ವಂತ ಮನೆಯ ಒಂದು ಟೈಲ್ ಕೂರಿಸುವ ಯೋಗವಿರಲಿಲ್ಲ. ಯಾಕೆಂದರೆ ನಡುಮನೆಯ ಕಿಟಕಿ ರಮಾಮಣಿಯವರ ಜಗಲಿಗೆ ನೇರ. ಎಂಜಿನಿಯರ್ ಕರಣೆ ಹಿಡಿದರೆ ಏನು ಗತಿ?

ಎರಡನೆಯದು ಶಿವರುದ್ರಪ್ಪನವರ ದೇವರಮನೆ. ಅದರ ನೆಲ ಹಳೆಯದಾಗಿತ್ತು. "ಅಳಿಯಂದ್ರೇ, ಒಬ್ಬ ಒಳ್ಳೆ ಮೇಸ್ತ್ರಿನ ಕಳಿಸ್ಕೊಡಿ" ಎಂದು ಹೇಳಿ, ಬೀಗದ ಕೈ ಮಗಳ ಕೈಗೆ ಕೊಟ್ಟು ಹೆಂಡತಿಯ ಜೊತೆ ಶ್ರೀಶೈಲಕ್ಕೆ ಹೋದರು. ಹೊರಗಿನ ಮೇಸ್ತ್ರಿ ಬಂದರೆ ಬಾಯಿಬಿಟ್ಟಾನೆಂಬ ಹೆದರಿಕೆಗೆ ಅಳಿಯನೇ ಕೂತು ನೆಲ ಹಾಕಿದ. ಧನುಶ್ರೀ ಸಿಮೆಂಟ್ ಕಲಸಿಕೊಟ್ಟಳು. ಮಾವ ಯಾತ್ರೆ ಮುಗಿಸಿ ಬಂದು ನೋಡಿದರು. ನಿಂತರು, ಕೂತರು, ಅಂಗೈಯಿಂದ ನೆಲ ಸವರಿದರು. ಲಿಂಗಪೂಜೆಯ ಮಂಟಪದ ಸುತ್ತ ದಳದಳವಾಗಿ ಕತ್ತರಿಸಿ ಕೂರಿಸಿದ್ದ ಟೈಲ್ಸು ಎಲ್ಲಿಯೂ ಉಗುರು ಸಿಕ್ಕದಷ್ಟು ಸಮವಾಗಿತ್ತು. ಕೆಲಸ ಮುಗಿಸಿದ ಮೇಸ್ತ್ರಿಗೆ ಎಲೆ ಹಾಕಿ ಊಟ ಬಡಿಸಿ, ಪಂಚೆ ಶಲ್ಯ ತಾಂಬೂಲ ಕೊಟ್ಟು ಕಳಿಸುವುದು ನಮ್ಮ ಕಡೆ ನಡೆದುಬಂದದ್ದು. ಅದು ತಪ್ಪಿಹೋಯಿತಲ್ಲ ಎಂದು ಶಿವರುದ್ರಪ್ಪನವರಿಗೆ ಕೊರಗು ಹತ್ತಿತು. ಒಳ್ಳೆಯ ಜರಿ ಅಂಚಿನ ಪಂಚೆ ಶಲ್ಯ ತಂದು ಬೀರುವಿನಲ್ಲಿಟ್ಟು, ಅಳಿಯ ಹಬ್ಬಕ್ಕೆ ಬಂದಾಗಲೆಲ್ಲ, "ಅಳಿಯಂದ್ರೇ, ಆ ಮೇಸ್ತ್ರಿನ ಒಂದ್ಸಲ ಕರ್ಕೊಂಡು ಬನ್ನಿ" ಎನ್ನುತ್ತಿದ್ದರು. ಅಳಿಯ ಹೋಳಿಗೆ ನುಂಗುತ್ತಾ, "ಅವನು ಊರಿಗೆ ಹೋಗಿದಾನೆ ಮಾವ" ಎನ್ನುತ್ತಿದ್ದ. ಹೀಗೆ ಆ ಮೇಸ್ತ್ರಿ ವರ್ಷಗಟ್ಟಲೆ ಊರಿನಲ್ಲೇ ಉಳಿದುಬಿಟ್ಟ.

ವೀಸಾ ವಿಷಯ ಹುಟ್ಟಿದ್ದು ವಸಂತ್ ಎಂಬುವನ ಆಫೀಸಿನಲ್ಲಿ. ಸರಸ್ವತಿಪುರದಲ್ಲಿ ವಿದೇಶಕ್ಕೆ ಹೋಗುವವರ ಕಾಗದಪತ್ರ ನೋಡಿಕೊಳ್ಳುವ ಆ ಮನುಷ್ಯ ತನ್ನ ಹೊಸ ಆಫೀಸಿಗೆ ನೆಲ ಹಾಕಿಸಿಕೊಳ್ಳುತ್ತಿದ್ದ. ಹಾಕುತ್ತಿದ್ದವನು ಮಹದೇವಪ್ರಸಾದ್. ವಸಂತ್ ಸುಮ್ಮನೆ ನಿಂತು ನೋಡಿ, "ಏನ್ರೀ, ನಾನು ಎಂಜಿನಿಯರುಗಳಿಗೆಲ್ಲ ಕ್ಯೂ ನಿಂತ್ಕೊಳ್ಳಿ ಅಂತೀನಿ. ನಿಮ್ಮಂಥ ಟೈಲ್ಸ್‌ನೋರು ಬೇಕು ಅಂತ ನ್ಯೂಜಿಲೆಂಡಿನೋರು ನನ್ನ ಪ್ರಾಣ ತಿಂತಿದಾರೆ. ಹೆಂಡ್ತಿ ಮಗೂನೂ ಕರ್ಕೊಂಡು ಹೋಗ್ಬೋದು" ಎಂದ.

ಮಹದೇವಪ್ರಸಾದ್ ಕರಣೆ ಕೆಳಗಿಟ್ಟು ಕೇಳಿದನಂತೆ: "ಅಲ್ಲಿ ನಾನು ಏನು ಅಂತ ಹೇಳ್ಕೊಂಡು ಹೋಗ್ಬೇಕು ಸರ್?"

"ಟೈಲ್ಸ್ ಹಾಕೋನು ಅಂತ. ಇನ್ನೇನು?"

ಆ ಮಾತು ಅವನಿಗೆ ತಟ್ಟಿತು. ಸಂಬಳಕ್ಕೆ ಅವನು ಮರುಳಾಗಲಿಲ್ಲ ಎಂದರೆ ನಾನೂ ನಂಬುವುದಿಲ್ಲ. ಆದರೆ ಲ್ಯಾಪ್‌ಟಾಪ್ ಬ್ಯಾಗಿಲ್ಲದೆ ಬೆಳಗ್ಗೆ ಮನೆಯಿಂದ ಹೊರಟು, ತನ್ನ ಪುಟ್ಟ ಮಗಳ ಎದುರಿಗೇ ಕರಣೆ ಹಿಡಿದು ಹೋಗಬಹುದಾದ ದೇಶ ಒಂದಿದೆ ಎಂದು ಕೇಳಿ ಅವನು ಆ ಸಂಜೆಯೇ ಹೆಂಡತಿಗೆ ಹೇಳಿದನಂತೆ. ಧನುಶ್ರೀ ಇಂಗ್ಲಿಷ್ ಹೇಳಿಕೊಟ್ಟಳು, ಪರೀಕ್ಷೆ ಪಾಸಾಯಿತು. ಅಲ್ಲಿನ ಒಂದು ಕಂಪನಿ ವೀಡಿಯೋದಲ್ಲಿ ಅವನ ಕೆಲಸ ನೋಡಿ ಒಪ್ಪಿತು. ಚಿಕ್ಕಮಾದಯ್ಯ, ಇವನು ಇಷ್ಟು ವರ್ಷ ನನ್ನ ಕೈ ಕೆಳಗೆ ಟೈಲ್ಸ್ ಹಾಕಿದ್ದಾನೆ ಎಂದು ಬರೆದುಕೊಟ್ಟ. ಮಾವನಿಗೆ ಮಾತ್ರ, "ಎಂಜಿನಿಯರ್ ಕೆಲಸಕ್ಕೆ ಕರೆದಿದ್ದಾರೆ" ಎಂದು ಹೇಳಲಾಯಿತು. ಶಿವರುದ್ರಪ್ಪನವರು ಮಂಡಿಯಲ್ಲಿ ಬಂದವರಿಗೆಲ್ಲ ಒಂದೊಂದು ಉಂಡೆ ಬೆಲ್ಲ ಕೊಟ್ಟು ಸುದ್ದಿ ಹೇಳಿದರು.

ಕೊನೆಯ ಹಂತದಲ್ಲಿ ವಸಂತ್ ಒಂದು ಬಾಂಬು ಹಾಕಿದ. "ನೀವು ನಿಜವಾಗ್ಲೂ ಟೈಲ್ಸ್ ಕೆಲಸದೋರಾ ಅಂತ ನೋಡೋಕೆ ವೀಸಾ ಆಫೀಸಿನ ಕಡೆಯಿಂದ ಒಬ್ರು ಮನೆ ಹತ್ರ ಬರ್ತಾರೆ. ಅಕ್ಕಪಕ್ಕದೋರನ್ನ ಕೇಳ್ತಾರೆ. ಕಾಗದದಲ್ಲಿರೋದು ಒಂದು, ಜನ ಹೇಳೋದು ಒಂದು ಆದ್ರೆ ಸುಳ್ಳು ದಾಖಲೆ ಅಂತ ಬರೆದ್ಬುಡ್ತಾರೆ. ಆಮೇಲೆ ಆ ದೇಶದ ಕಡೆ ತಲೆ ಹಾಕಿ ಮಲಗೋಕೂ ಆಗಲ್ಲ."

ಮಹದೇವಪ್ರಸಾದ್ ಬೆವರಿದ. ಬೀದಿಗೆಲ್ಲ, "ನಾನು ಎಂಜಿನಿಯರ್ ಅಲ್ಲ" ಎಂದು ಸಾರಿಬಿಡಬಹುದಿತ್ತು. ಆದರೆ ಬೆಟ್ಟಯ್ಯ ಭಾನುವಾರ ಭಾನುವಾರ ಬೆಲ್ಲ ತರಲು ಶಿವರುದ್ರಪ್ಪನವರ ಅಂಗಡಿಗೇ ಹೋಗುವವನು. ಬೆಟ್ಟಯ್ಯನಿಗೆ ಹೇಳಿದ ಮಾತು ಮಂಡಿ ಮೊಹಲ್ಲಾ ಮುಟ್ಟದೆ ಇರದು. ಆದ್ದರಿಂದ ಅವನು ಉಪಾಯ ಮಾಡಿ, ಮನೆಮನೆಗೂ ಹೋಗಿ, ಇಷ್ಟೇ ಹೇಳಿದ:

"ನಾಳೆ ಒಬ್ರು ನನ್ನ ಬಗ್ಗೆ ವಿಚಾರ್ಸೋಕೆ ಬರ್ತಾರೆ. ದಯವಿಟ್ಟು ಇದ್ದದ್ದು ಇದ್ದಂಗೆ ಹೇಳ್ಬುಡಿ. ನನ್ನ ಜೀವನದ ಪ್ರಶ್ನೆ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಹೇಳಿದ್ದು ನಮ್ಮ ಬೀದಿಯಲ್ಲಿ. ಮಗನಿಗೆ ಹೆಣ್ಣು ನೋಡುವ ಪ್ರತಿಯೊಬ್ಬ ತಂದೆಯೂ ಹಿಂದಿನ ದಿನ ಬಂದು, "ನಾಳೆ ವಿಚಾರ್ಸೋಕೆ ಬರ್ತಾರೆ, ಇದ್ದದ್ದು ಇದ್ದಂಗೆ ಹೇಳಿ ಸಾಕು" ಎಂದೇ ಹೇಳುವುದು. ಅದರ ಅರ್ಥ, "ಮರೀಬೇಡಿ, ಒಂದು ಮೆಟ್ಟಿಲು ಮೇಲೆ" ಎಂದು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬುದು ಗೊತ್ತಿಲ್ಲದ ಜನವೇ ನಾವು? ರಮಾಮಣಿಯವರು, "ಯೋಚ್ನೆ ಮಾಡ್ಬೇಡ ಕಣೋ" ಎಂದರು. ಮಂಟಯ್ಯ ಕಣ್ಣು ಹೊಡೆದ. ನಾನು ಸಂಘದ ಮೊಹರು ಎಲ್ಲಿದೆಯೆಂದು ಹುಡುಕಿಟ್ಟುಕೊಂಡೆ.

ಮಾರನೆಯ ದಿನ ಬಂದವಳು ಚೈತನ್ಯ ಎಂಬ ಹೆಣ್ಣುಮಗಳು. ಸ್ಕೂಟರು, ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಹಲಗೆಯಂಥ ಒಂದು ದೊಡ್ಡ ಫೋನು. ಮೊದಲು ರಮಾಮಣಿಯವರ ಗೇಟಿಗೇ ಹೋದಳು.

"ಮೇಡಂ, ಎದುರುಮನೆ ಮಹದೇವಪ್ರಸಾದ್ ಅವರು ಟೈಲ್ಸ್ ಕೆಲಸ ಮಾಡ್ತಾರಂತಲ್ಲ, ಹೌದಾ?"

ರಮಾಮಣಿಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮೂವತ್ತು ವರ್ಷ ಸ್ಕೂಲು ನಡೆಸಿದವರು ಹಾಗೆ ಮಾಡಿದರೆ ಎದುರಿಗಿದ್ದವರಿಗೆ ಬೆತ್ತದೇಟಿಗೆ ಕೈ ಚಾಚಬೇಕು ಅನ್ನಿಸುತ್ತದೆ.

"ಯಾರಮ್ಮ ಹಂಗಂದೋರು? ಆಗದೇ ಇರೋರು ಯಾರೋ ಹೇಳಿರ್ಬೇಕು. ಆ ಹುಡುಗ ಎಂಜಿನಿಯರ್. ಒಂದು ದಿನ ಕೈ ಕೊಳೆ ಮಾಡ್ಕೊಂಡಿದ್ದು ನಾನು ಕಂಡಿಲ್ಲ."

"ಅವರೇ ಹಂಗೆ ಬರ್ಕೊಟ್ಟಿದಾರೆ ಮೇಡಂ."

"ವಿನಯ ಕಣಮ್ಮ, ವಿನಯ! ಅವನು ಚಿಕ್ಕಂದಿನಿಂದ್ಲೂ ಹಂಗೇ."

ಚೈತನ್ಯ ಏನೋ ಬರೆದುಕೊಂಡು ಮಂಟಯ್ಯನ ಇಸ್ತ್ರಿ ಗಾಡಿಗೆ ಬಂದಳು. ಮಂಟಯ್ಯ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು ಸಾಕ್ಷ್ಯ ನುಡಿದ. "ನೋಡಮ್ಮ, ಮನುಷ್ಯ ಸುಳ್ಳು ಹೇಳ್ಬೋದು, ಬಟ್ಟೆ ಹೇಳಲ್ಲ. ಅವರ ಮದುವೆ ಆದಾಗ್ಲಿಂದ ಅವರ ಶರ್ಟು ಇಸ್ತ್ರಿ ಮಾಡೋನು ನಾನು. ಒಂದು ಹನಿ ಸಿಮೆಂಟು ಕಂಡಿದ್ರೆ ಈ ಪೆಟ್ಟಿಗೆ ನನ್ನ ಕೈ ಸುಡ್ಲಿ." ಆ ದಿನ ಬೀದಿಯಲ್ಲಿ ನಿಜ ಹೇಳಿದವನು ಅವನೊಬ್ಬನೇ. ಅರ್ಜಿಗೆ ಹೆಚ್ಚು ಪೆಟ್ಟು ಬಿದ್ದದ್ದೂ ಅವನಿಂದಲೇ.

ಹುಡುಗಿ ಚುರುಕು. ಹಾಲಿನ ಬೂತಿನಲ್ಲಿ ಬೇರೆ ದಾರಿ ಹಿಡಿದಳು. "ಟೈಲ್ಸ್ ಹಾಕೋರಿಗೆ ಕೂತು ಕೂತು ಮಂಡಿ ಜಡ್ಡು ಕಟ್ಟಿರುತ್ತೆ. ಇವರಿಗೆ ಹಂಗೇನಾದ್ರೂ ಇದೆಯಾ?"

ಬೆಟ್ಟಯ್ಯ ಒಂದು ಗಳಿಗೆ ತಬ್ಬಿಬ್ಬಾದ. ಮಹದೇವಪ್ರಸಾದ್ ಬರ್ಮುಡಾ ಹಾಕಿಕೊಂಡು ಹಾಲಿಗೆ ಬರುವಾಗ ಆ ಕಪ್ಪು ಮಂಡಿಗಳನ್ನು ಅವನು ದಿನಾ ನೋಡುತ್ತಿದ್ದ. ಆದರೆ ಬೀದಿಯ ಮಾನ ದೊಡ್ಡದು.

"ಕಟ್ಟಯ್ತೆ ಕಣವ್ವ, ಕಟ್ಟಯ್ತೆ. ಅದು ಭಕ್ತಿ! ಚಾಮುಂಡಿ ಬೆಟ್ಟದ ಮೆಟ್ಲು ಇದಾವಲ್ಲ, ಎಲ್ಲಾರೂ ಕಾಲಲ್ಲಿ ಅತ್ತುದ್ರೆ ನಮ್ಮ ಎಂಜಿನಿಯರಪ್ಪ ಮಂಡೀಲಿ ಅತ್ತವ್ರೆ."

"ಎಷ್ಟು ಸಲ?"

"ಆಷಾಢ ಶುಕ್ರವಾರ ಒಂದೂ ಬುಟ್ಟಿಲ್ಲ."

ಕೊನೆಗೆ ನಾನು. ಬಾಯಿಮಾತಿಗೆ ಬೆಲೆಯಿಲ್ಲವೆಂದು ಬಲ್ಲವನಾದ್ದರಿಂದ, ಸಂಘದ ಕಾಗದದ ಮೇಲೆ, "ಶ್ರೀ ಮಹದೇವಪ್ರಸಾದ್ ಅವರು ಖ್ಯಾತ ಎಂಜಿನಿಯರರೆಂದೂ, ಟೈಲ್ಸ್ ಇತ್ಯಾದಿ ಕೂಲಿ ಕೆಲಸಗಳ ಸೋಂಕೂ ಇಲ್ಲದವರೆಂದೂ ದೃಢೀಕರಿಸಲಾಗಿದೆ" ಎಂದು ಬರೆದು, ಮೊಹರು ಒತ್ತಿ ಕೊಟ್ಟೆ. ಚೈತನ್ಯ ಅದನ್ನು ಎರಡು ಸಲ ಓದಿ, "ತುಂಬಾ ಸಹಾಯ ಆಯ್ತು ಸರ್" ಎಂದಳು. ನನಗೂ ಸಂತೋಷವಾಯಿತು. ಮುಂದೇನಾಗುತ್ತದೆ ನೋಡೋಣವೆಂದು ಬೀದಿಯ ಪರವಾಗಿ ಅವಳ ಹಿಂದೆಯೇ ಮಂಜುಳಮ್ಮನ ಮನೆಗೆ ಹೋದೆ.

ಅಲ್ಲಿ ಮಹದೇವಪ್ರಸಾದ್ ರಜೆ ಹಾಕಿ, ಗೋಡೆಗೊರಗಿ ನಿಂತಿದ್ದ. ಲ್ಯಾಪ್‌ಟಾಪ್ ಬ್ಯಾಗು ದಿವಾನದ ಮೇಲಿತ್ತು. ಧನುಶ್ರೀ ಅತ್ತೆಗೆ ಬೆಳಗಿನಿಂದ ಪಾಠ ಮಾಡಿಟ್ಟಿದ್ದಳು. ಚೈತನ್ಯ ಕೇಳಿದ ಕೂಡಲೇ ಮಂಜುಳಮ್ಮ ಒಪ್ಪಿಸಿಬಿಟ್ಟರು. "ಟೈಲ್ಸ್ ಹಾಕ್ತಾನೆ ಕಣಮ್ಮ. ಹಾಕಿದ್ರೆ ನೀರು ಚೆಲ್ಲಿದ್ರೂ ಎತ್ಲಾಗೆ ಹರೀಬೇಕು ಅಂತ ಅದಕ್ಕೇ ಗೊತ್ತಾಗಲ್ಲ, ಅಷ್ಟು..."

"ಅಳಿಯಂದ್ರೇ!" ಎಂದು ಬಾಗಿಲಲ್ಲಿ ಧ್ವನಿ ಕೇಳಿತು.

ಶಿವರುದ್ರಪ್ಪನವರು. ಕೈಯಲ್ಲಿ ಬೆಲ್ಲದ ಅಚ್ಚಿನ ಚೀಲ. ಆಫೀಸರು ಬರುತ್ತಾರೆಂದು ಬೆಟ್ಟಯ್ಯ ಬೆಳಗ್ಗೆಯೇ ಫೋನು ಮಾಡಿದ್ದನಂತೆ. ಅಳಿಯನಿಗೆ ಬೆಂಬಲವಾಗಿ ನಿಲ್ಲೋಣವೆಂದು ಅಂಗಡಿ ಬಿಟ್ಟು ಬಂದಿದ್ದರು.

"...ಅಷ್ಟು ಚೆನ್ನಾಗಿ ಬೇರೆಯೋರ ಕೈಲಿ ಮಾಡಿಸ್ತಾನೆ" ಎಂದು ಮಂಜುಳಮ್ಮ ಮಾತು ತಿರುಗಿಸಿ ಒಳಗೆ ಹೋಗಿಬಿಟ್ಟರು.

ಶಿವರುದ್ರಪ್ಪನವರು ದಿವಾನದ ಮೇಲೆ ಕೂತು ವಿಚಾರಣೆಯನ್ನು ಕೈಗೆ ತೆಗೆದುಕೊಂಡರು. "ನೋಡು ತಾಯಿ, ನಾನು ವ್ಯಾಪಾರಸ್ಥ. ಅಚ್ಚು ಮುರೀದೇ ಬೆಲ್ಲದ ಗುಣ ಹೇಳೋನು. ನನ್ನ ಅಳಿಯ ಎಂಜಿನಿಯರ್. ಅನುಮಾನ ಇದ್ರೆ ಗೋಡೆ ನೋಡು." ಗೋಡೆಯ ಮೇಲೆ, ಅವರ ಸಮಾಜದ ಸಂಘದವರು ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡಿದ ಫೋಟೋ ಇತ್ತು. ಮಾವನವರೇ ಖರ್ಚು ಹಾಕಿ ಮಾಡಿಸಿದ್ದು. ಪೇಟದ ಕೆಳಗೆ ಮಹದೇವಪ್ರಸಾದನ ಮುಖ, ಹಿಂದಿನ ಬ್ಯಾನರಿನಲ್ಲಿ ಮೊಳದುದ್ದದ ಅಕ್ಷರ: ಯುವ ಎಂಜಿನಿಯರ್.

ಚೈತನ್ಯ ಅದರ ಫೋಟೋ ತೆಗೆದುಕೊಂಡಳು. ಆಮೇಲೆ ಬಹಳ ಮರ್ಯಾದೆಯಿಂದ, "ಸರ್, ನಿಮ್ಮ ಕಾಗದ ಟೈಲ್ಸ್ ಅನ್ನುತ್ತೆ. ಇಡೀ ಬೀದಿ, ನಿಮ್ಮ ಮಾವನವರು, ಈ ಸಂಘದ ಮೊಹರು, ಎಲ್ಲಾ ಎಂಜಿನಿಯರ್ ಅನ್ನುತ್ತೆ. ಕಾಗದ ಸುಳ್ಳು ಅಂತ ಬರೀದೇ ನನಗೆ ಬೇರೆ ದಾರಿ ಇಲ್ಲ" ಎಂದಳು.

ಶಿವರುದ್ರಪ್ಪನವರು, "ಬರಿ ತಾಯಿ, ಬರಿ. ಟೈಲ್ಸ್ ಅಂತ ಯಾರು ಬರೆದ್ರೋ ಅವರ ಕೈ ಸೇದೋಗ" ಎಂದು ಆಶೀರ್ವಾದ ಮಾಡಿದರು.

ಧನುಶ್ರೀ ಗಂಡನ ಮುಖ ನೋಡಿದಳು. ಮಹದೇವಪ್ರಸಾದ್ ಎರಡು ಹೆಜ್ಜೆ ಮುಂದೆ ಬಂದು ಬ್ಯಾಗಿನ ಜಿಪ್ಪು ಎಳೆದು ನೆಲದ ಮೇಲೆ ಸುರಿದ. ಕರಣೆ, ಸುತ್ತಿಗೆ, ರಸಮಟ್ಟ, ಬಿಳಿ ಸಿಮೆಂಟಿನ ಪೊಟ್ಟಣ.

ಮೊದಲು ಚೇತರಿಸಿಕೊಂಡವರು ಮಾವನವರೇ. "ನೋಡಿದ್ಯಾ ತಾಯಿ? ಕೆಲಸದೋರು ಸಾಮಾನು ಕದ್ಬುಡ್ತಾರೆ ಅಂತ ಅಳಿಯಂದ್ರು ಎಲ್ಲಾ ತಾವೇ ಮನೆಗೆ ತರ್ತಾರೆ. ಎಂಥಾ ಜವಾಬ್ದಾರಿ!"

ಮಹದೇವಪ್ರಸಾದ್ ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿ, ಟಕ್ ಎನ್ನುತ್ತಿದ್ದ ಆ ಟೈಲನ್ನು ಕರಣೆಯ ತುದಿಯಿಂದ ಎಬ್ಬಿಸಿದ. ಕೆಳಗಿನ ಹಳೆಯ ಸಿಮೆಂಟು ಕೆರೆದ, ಹೊಸದು ಕಲಸಿದ, ಹರಡಿದ, ಟೈಲ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ, ರಸಮಟ್ಟ ಇಟ್ಟು ನೋಡಿದ. ಅಷ್ಟರಲ್ಲಿ ಕಿಟಕಿಯ ತುಂಬಾ ತಲೆ. "ನೋಡಿ, ನೋಡಿ" ಎಂದು ಬೆಟ್ಟಯ್ಯ ಹೊರಗಿನಿಂದ ವಿವರಣೆ ಕೊಟ್ಟ. "ಎಂಥಾ ಎಂಜಿನಿಯರು! ಕೂಲಿಯೋರ ಕೆಲಸಾನೂ ಕಲ್ತವ್ರೆ!"

ಚೈತನ್ಯ ತಲೆಯಾಡಿಸಿದಳು. "ಒಂದು ಟೈಲು ಯಾರು ಬೇಕಾದ್ರೂ ಕೂರಿಸ್ಬೋದು ಸರ್. ವೀಡಿಯೋ ನೋಡ್ಕೊಂಡು ನಮ್ಮಪ್ಪನೂ ಒಂದು ಕೂರಿಸಿದಾರೆ."

ವೀಸಾ ಅಲ್ಲಿಗೆ ಮುಗಿದಂತೆಯೇ. ಮಹದೇವಪ್ರಸಾದ್ ಮಂಡಿಯ ಮೇಲೆಯೇ ತಿರುಗಿ ಮಾವನ ಕಡೆ ನೋಡಿದ. ಅವನ ಕಿವಿ ಕೆಂಪಾಗಿತ್ತು. ಅವನು ಹೆದರಿದ್ದ ಎಂಬುದು ನನಗೆ ಕಂಡಿತು.

"ಮಾವ, ನಿಮ್ಮ ದೇವರಮನೆ ನೆಲ ಹಾಕಿದ ಮೇಸ್ತ್ರಿ ಊರಿಗೆ ಹೋಗಿಲ್ಲ."

"ಬಂದ್ಬುಟ್ರಾ? ಎಲ್ಲಿದಾರೆ?"

"ನಾನೇ ಮಾವ. ಆ ಮೇಸ್ತ್ರಿ ನಾನೇ. ನಾನು ಎಂಜಿನಿಯರ್ ಅಲ್ಲ. ಡಿಪ್ಲೊಮಾನೂ ಮುಗಿಸಿಲ್ಲ."

ಶಿವರುದ್ರಪ್ಪನವರು ಮಗಳ ಕಡೆ ನೋಡಿದರು. "ಸಿಮೆಂಟ್ ನಾನೇ ಕಲ್ಸಿಕೊಟ್ಟೆ ಅಪ್ಪಾಜಿ" ಎಂದು ಧನುಶ್ರೀ ನೆಲ ನೋಡುತ್ತಾ ಹೇಳಿದಳು. ನನ್ನ ಕಡೆ ನೋಡಿದರು. ನಾನು ಫ್ಯಾನು ನೋಡಿದೆ. ಕಿಟಕಿಯ ಕಡೆ ನೋಡಿದರು. ತಲೆಗಳು ಒಂದೊಂದಾಗಿ ಕೆಳಗಿಳಿದವು. ಅವರು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆಟೋ ಶಬ್ದ ಕೇಳಿಸಿತು.

ಧನುಶ್ರೀ ಅಡುಗೆಮನೆಗೆ ಹೋಗಿ ಅತ್ತಳು. ಚೈತನ್ಯ ಹೊರಡಲು ಎದ್ದಳು. ಆಗ ಮಂಜುಳಮ್ಮ ಹೊರಬಂದು, "ಊಟದ ಹೊತ್ತಲ್ಲಿ ಎದ್ದು ಹೋಗ್ತೀಯೇನಮ್ಮ? ವೀಸಾ ಇಲ್ಲದಿದ್ರೆ ಹೋಗ್ಲಿ, ಅವರೆಕಾಳು ಸಾರು ಇದೆ" ಎಂದು ತಟ್ಟೆ ಇಟ್ಟೇಬಿಟ್ಟರು. ಮೈಸೂರಿನಲ್ಲಿ ಕೆಲಸ ಮಾಡುವ ಅಧಿಕಾರಿಗಳಿಗೆ ಈ ಕಾನೂನನ್ನು ಮೀರಲು ಬರುವುದಿಲ್ಲ. ನನ್ನನ್ನು ಯಾರೂ ಕರೆಯಲಿಲ್ಲ. ಬೀದಿಯ ಪ್ರತಿನಿಧಿಯಾಗಿ ನಾನೇ ಕೂತೆ.

ಮಜ್ಜಿಗೆಗೆ ಬರುವಷ್ಟರಲ್ಲಿ ಆಟೋ ಮತ್ತೆ ಬಂತು.

ಶಿವರುದ್ರಪ್ಪನವರ ಕೈಯಲ್ಲಿ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಜರಿ ಅಂಚಿನ ಪಂಚೆ, ಶಲ್ಯ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಪಂಚೆ ಮಡಿಚಿದ ಕಡೆ ಹಳದಿಗಟ್ಟಿತ್ತು, ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಮಹದೇವಪ್ರಸಾದ್ ಇನ್ನೂ ಅಲ್ಲೇ ನೆಲದ ಮೇಲೆ ಕೂತಿದ್ದ.

"ಮೇಸ್ತ್ರಿಗಳೇ, ಏಳಿ" ಎಂದರು ಶಿವರುದ್ರಪ್ಪನವರು.

ಅವನು ಎದ್ದ. ಶಲ್ಯ ಹೊದಿಸಿದರು. ತಟ್ಟೆ ಕೈಗಿಟ್ಟರು. ಕೈ ಬಿಡಲಿಲ್ಲ.

"ಊಟ ಹಾಕ್ದೆ ಕಳಿಸ್ಬುಟ್ನಲ್ಲ ಅಂತ ಇಷ್ಟು ವರ್ಷ ಕೊರಗ್ದೆ. ದಿನಾ ಪೂಜೆಗೆ ಕೂತಾಗ ನೆಲ ಮುಟ್ಟಿ, ಆ ಪುಣ್ಯಾತ್ಮ ಎಲ್ಲಿದ್ರೂ ಚೆನ್ನಾಗಿರ್ಲಿ ಅಂತಿದ್ದೆ. ನೀವು ನೋಡಿದ್ರೆ ಹಬ್ಬ ಹಬ್ಬಕ್ಕೂ ನನ್ನ ಎದುರಿಗೇ ಕೂತು ಹೋಳಿಗೆ ಹೊಡ್ಕೊಂಡು ಹೋಗ್ತಿದ್ರಲ್ರೀ!" ಎಂದರು. "ನನ್ನ ದೇವರು ಕೂತಿರೋದು ನಿಮ್ಮ ಕೈಕೆಲಸದ ಮೇಲೆ. ಎಂಜಿನಿಯರ್ ಬೇಕಾಗಿತ್ತೇನ್ರೀ ನಂಗೆ? ಈ ಬೀದಿಯೋರು ಹೇಳಿದ್ರು, ನಾನು ಮಂಡೀಲಿ ಹೇಳ್ದೆ, ಅಷ್ಟೇ."

ಮಹದೇವಪ್ರಸಾದ್ ತಟ್ಟೆ ಹಿಡಿದುಕೊಂಡೇ ಬಗ್ಗಿ ಮಾವನ ಕಾಲು ಮುಟ್ಟಲು ಹೋದ. ತೆಂಗಿನಕಾಯಿ ಉರುಳಿ, ಆಗ ತಾನೇ ಕೂರಿಸಿದ ಟೈಲಿನ ಮೇಲೆ ಬಿತ್ತು. ಟೈಲು ಅಲುಗಲಿಲ್ಲ.

ಚೈತನ್ಯ ಕೈ ತೊಳೆದು ಬಂದು ಆ ಶಲ್ಯ, ತಟ್ಟೆ, ಮಾವ, ಅಳಿಯ ಎಲ್ಲ ಸೇರಿದ ಒಂದು ಫೋಟೋ ತೆಗೆದಳು. ಮೊದಲು ಬರೆದದ್ದನ್ನೆಲ್ಲ ಅಳಿಸಿ ಬೇರೆ ಬರೆದಳು. ನನಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ಟೈಲ್ ಕೂರಿಸಿದ್ದನ್ನ ನಂಬಲಿಲ್ಲ. ಇದನ್ನ ಹೇಗೆ ನಂಬಿದೆ?" ಎಂದು ಕೇಳಿದೆ.

"ನಾನೂ ಇಲ್ಲೇ ಹಿನಕಲ್‌ನೋಳು ಸರ್. ಅಳಿಯನ್ನ ಮೇಲೆತ್ತಿ ಸುಳ್ಳು ಹೇಳೋ ಮಾವಂದಿರನ್ನ ದಿನಾ ನೋಡ್ತೀನಿ. ಅಳಿಯ ಮೇಸ್ತ್ರಿ ಅಂತ ಬೀದಿ ಮುಂದೆ ಸುಳ್ಳು ಹೇಳೋ ಮಾವ ಮೈಸೂರಲ್ಲಿ ಇನ್ನೂ ಹುಟ್ಟಿಲ್ಲ" ಎಂದು ಹೇಳಿ, ಸಂಘದ ಮೊಹರಿನ ಕಾಗದವನ್ನು ನಾಲ್ಕಾಗಿ ಮಡಿಚಿ ನನ್ನ ಜೇಬಿಗೇ ಇಟ್ಟಳು.

ವೀಸಾ ಬಂತು. "ಜನಕ್ಕಿಂತ ಕುರಿ ಜಾಸ್ತಿ ಇರೋ ಊರಿಗೆ ನಾನು ಬರಲ್ಲ" ಎಂದು ಮಂಜುಳಮ್ಮ ನಂಜನಗೂಡಿನ ಮಗಳ ಮನೆಗೆ ಖುಷಿಯಾಗಿ ಹೋದರು. ಮಹದೇವಪ್ರಸಾದ್ ಸಂಸಾರ ಸಮೇತ ಹೊರಡುವ ಬೆಳಗ್ಗೆ ಕರಣೆಯನ್ನು ಮಗಳ ಕೈಗೆ ಕೊಟ್ಟು, ಬೀದಿಯ ನಡುವೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಟ್ಯಾಕ್ಸಿಯವರೆಗೆ ನಡೆದ. ಶಿವರುದ್ರಪ್ಪನವರು ಹಿಂದಿನಿಂದ, "ಜಾರ್ಸೀಯೆ ಕಣಮ್ಮ, ನಿಮ್ಮಪ್ಪನ ಅನ್ನ ಅದು" ಎನ್ನುತ್ತಾ ಬಂದರು. ನಾವೆಲ್ಲ ಕಣ್ಣೊರೆಸಿಕೊಂಡೆವು. ಇಲ್ಲಿನ ಎಂಜಿನಿಯರಿಗೂ ಸಿಗದಂಥ ಸಂಬಳ ಅಲ್ಲಿ ಅವನಿಗೆ ಸಿಗುವ ಸುದ್ದಿ ಊರೆಲ್ಲ ಹಬ್ಬಿದ ಮೇಲೆ ಇನ್ನೊಂದು ಸಲ ಒರೆಸಿಕೊಂಡೆವು.

ಇಷ್ಟಕ್ಕೆ ಬೀದಿ ಪಾಠ ಕಲಿಯಿತೆಂದು ನೀವು ತಿಳಿದರೆ, ನೀವು ನಮ್ಮ ಬೀದಿಯನ್ನು ಬಲ್ಲವರಲ್ಲ.

ಹೋದ ತಿಂಗಳು ಬೆಟ್ಟಯ್ಯನ ಮಗ ಲಿಖಿತನಿಗೆ ಹೆಣ್ಣಿನ ಕಡೆಯವರು ಬಂದರು. ಲಿಖಿತ್ ನಿಜವಾದ ಎಂಜಿನಿಯರ್. ಡಿಗ್ರಿ ಇದೆ, ಹೆಬ್ಬಾಳದ ಕಂಪನಿಯಲ್ಲಿ ಕೆಲಸವಿದೆ, ಬ್ಯಾಗಿನಲ್ಲಿ ಲ್ಯಾಪ್‌ಟಾಪೇ ಇದೆ. ಹಿಂದಿನ ದಿನ ಬೆಟ್ಟಯ್ಯ ಮನೆಮನೆಗೂ ಬಂದು, "ಇದ್ದದ್ದು ಇದ್ದಂಗೆ ಯೋಳ್ಬುಡಿ ಸಾಕು" ಎಂದು ಕೈ ಮುಗಿದಿದ್ದ. ಹುಡುಗಿಯ ತಂದೆ ಗೇಟಿನಲ್ಲಿ ನಿಂತು ಕೇಳಿದಾಗ ರಮಾಮಣಿಯವರು ಅತ್ತ ಇತ್ತ ನೋಡಿ, ಧ್ವನಿ ತಗ್ಗಿಸಿ ಹೇಳಿದರು:

"ಎಂಜಿನಿಯರ್ ಅನ್ನೋದೆಲ್ಲ ಬರೀ ತೋರಿಕೆಗೆ. ಹುಡುಗ ಒಳಗೊಳಗೇ ಟೈಲ್ಸ್ ಹಾಕ್ತಾನೆ."

"ದೊಡ್ಡ ದೊಡ್ಡ ಟೈಲ್ಸು" ಎಂದ ಮಂಟಯ್ಯ. ನಾನು ಮೊಹರು ಒತ್ತಿದೆ.

ಹುಡುಗಿಯ ತಂದೆಯ ಮುಖ ಅರಳಿತು. ಅವಸರದಿಂದ ಬೆಟ್ಟಯ್ಯನ ಮನೆಗೆ ಹೋಗಿ, ಉಪ್ಪಿಟ್ಟು ಕಾಫಿ ಮುಗಿಸಿ, ಲಿಖಿತನನ್ನು ಹತ್ತಿರ ಕೂರಿಸಿಕೊಂಡು, ಬಹಳ ಸಂಕೋಚದಿಂದ, "ತಪ್ಪು ತಿಳ್ಕೋಬೇಡಪ್ಪ, ಪ್ಯಾಂಟು ಸ್ವಲ್ಪ ಮೇಲಕ್ಕೆತ್ತು. ಮಂಡಿ ನೋಡ್ಬೇಕು" ಎಂದರು.

ಮಂಡಿ ನುಣ್ಣಗಿತ್ತು. ಸಂಬಂಧ ಮುರಿದುಬಿತ್ತು.